ಕೆಂಚನ ಕಿವಿ ಮತ್ತು ನೇರಳೆ ಬಣ್ಣ

ಕೆಲವರನ್ನು ಕಂಡರೆ ಜನ ದಾರಿ ಕೇಳುತ್ತಾರೆ, ಕೆಲವರನ್ನು ಕಂಡರೆ ಗಂಟೆ ಎಷ್ಟೆಂದು ಕೇಳುತ್ತಾರೆ. ನನ್ನನ್ನು ಕಂಡರೆ ಅನುಮಾನ ಪಡುತ್ತಾರೆ. ನನ್ನದು ಮಾತು ಕಡಿಮೆ. ಸುಮ್ಮನಿರುವ ಮನುಷ್ಯ ಏನೋ ಮುಚ್ಚಿಡುತ್ತಿದ್ದಾನೆ ಎಂದು ಗುಬ್ಬಿಯಂಥ ಊರಿನಲ್ಲಿ ಯಾರಿಗಾದರೂ ಅನ್ನಿಸುವುದು ಸಹಜ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಅಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಆಗ ಒಂದು ನಾಯಿಯ ಕಿವಿಯ ದೆಸೆಯಿಂದ ನಾನು ಯಾರು ಯಾರ ಅನುಮಾನಕ್ಕೆ ಗುರಿಯಾದೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ನಾಯಿ ನನ್ನದಲ್ಲ, ನನ್ನ ಹೆಂಡತಿಯದು. ಹೆಸರು ಕೆಂಚ. ಉದ್ದನೆಯ ಜೋಲುಕಿವಿ. ಒಳಗೆ ಗಾಳಿಯಾಡದೆ ಕಿವಿ ಸೋರುತ್ತಿತ್ತು. ತಲೆ ಒದರಿ ಒದರಿ ನರಳುತ್ತಿದ್ದ. ತುಮಕೂರಿನ ಆಸ್ಪತ್ರೆಯಲ್ಲಿ ಮಲಗಿದ್ದ ಅವಳು ಒಂದು ಸಂಜೆ ನನ್ನನ್ನು ಹತ್ತಿರ ಕರೆದು, ಮನೆಯ ಬಗ್ಗೆ ಏನೂ ಹೇಳದೆ, "ಕೆಂಚನ ಕಿವಿ ನೋಡ್ಕೊಳ್ಳಿ. ಕಿವುಡಾಗ್ಬಿಟ್ರೆ ಕರೆದಾಗ ಬರಲ್ಲ ಅವನು" ಎಂದಳು. ತನ್ನ ಅಮ್ಮನಿಗೆ ಈ ವಿಷಯ ಹೇಳಬಾರದು ಎಂದೂ ಸೇರಿಸಿದಳು. ಆ ವಾರವೇ ಅವಳು ಹೋದಳು.

ಕರ್ಮಾಂತರಕ್ಕೆಂದು ಕುಣಿಗಲ್ಲಿನಿಂದ ಬಂದ ಅತ್ತೆ ವಾಪಸು ಹೋಗಲಿಲ್ಲ. ನನ್ನ ಅಡುಗೆಯ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ಬಂದವರು ಮನೆಗೆ ಎರಡು ಕಾನೂನು ಮಾಡಿದರು. ನಾಯಿ ಹಿತ್ತಲ ಹೊಸಿಲು ದಾಟಬಾರದು, ಬೆಳ್ಳುಳ್ಳಿ ಮುಂಬಾಗಿಲು ದಾಟಬಾರದು. ಕೆಂಚ ಎಲ್ಲಾದರೂ ಸೆರಗಿಗೆ ಸೋಕಿದರೆ ಮತ್ತೆ ಸ್ನಾನ.

ಕನ್ನಡಿ ಹೋದ ದಾರಿ

ದನದ ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಡಾಕ್ಟರು ಕಣ್ಣಾರೆ ಕಾಣದ ಯಾವುದನ್ನೂ ನಂಬುವವರಲ್ಲ. ಕೆಂಚನ ವಿಷಯ ಹೇಳಿದೆ. "ಕಿವಿಯೊಳಗೆ ಇರೋದು ಬೂಷ್ಟೋ ಬ್ಯಾಕ್ಟೀರಿಯಾನೋ ನೋಡ್ಬೇಕು ಮೇಷ್ಟ್ರೇ. ಒಂದರ ಔಷಧಿ ಇನ್ನೊಂದಕ್ಕೆ ಹಾಕ್ತಾ ಕೂತ್ರೆ ಕಿವಿನೇ ಹೋಗತ್ತೆ" ಎಂದರು.

ನೋಡುವ ಕ್ರಮ ಹೀಗೆ. ಕಡ್ಡಿಗೆ ಹತ್ತಿ ಸುತ್ತಿ ಕಿವಿಯೊಳಗೆ ಮೆತ್ತಗೆ ತಿರುಗಿಸಬೇಕು. ಹತ್ತಿಗೆ ಅಂಟಿದ್ದನ್ನು ಗಾಜಿನ ಪಟ್ಟಿಯ ಮೇಲೆ ಉರುಳಿಸಬೇಕು, ಉಜ್ಜಬಾರದು. ಪಟ್ಟಿಯನ್ನು ಸ್ಪಿರಿಟ್ ದೀಪದ ಮೇಲೆ ಆಡಿಸಿ ಬೆಚ್ಚಗೆ ಮಾಡಿ, ನೇರಳೆ ಬಣ್ಣ ಹನಿಸಿ, ನೀರಿನಲ್ಲಿ ತೊಳೆದು ಒಣಗಿಸಬೇಕು. ಬೂಷ್ಟಾಗಲಿ ಬ್ಯಾಕ್ಟೀರಿಯಾ ಆಗಲಿ ಬಣ್ಣ ಹೀರಿಕೊಂಡು ಮೈಕ್ರೋಸ್ಕೋಪಿನಲ್ಲಿ ಎದ್ದು ಕಾಣುತ್ತದೆ.

ಆಸ್ಪತ್ರೆಯಲ್ಲಿ ಬಣ್ಣವಿತ್ತು, ಗಾಜಿತ್ತು, ಮೈಕ್ರೋಸ್ಕೋಪೂ ಇತ್ತು. ಅದರ ಬುಡದಲ್ಲಿ ಬೆಳಕು ಹಿಡಿಯುವ ದುಂಡು ಕನ್ನಡಿ ಮಾತ್ರ ಇರಲಿಲ್ಲ. ಅದು ಬೆಂಗಳೂರಿನಿಂದ ಬಂದದ್ದೇ ಹಾಗೆ ಎಂದು ಅಟೆಂಡರ್ ಸಾಧಿಸಿದ. ಡಾಕ್ಟರು ಸುತ್ತ ನೋಡಿದರು. ಆ ಆಸ್ಪತ್ರೆಯಲ್ಲಿ ಎಲ್ಲವೂ ಧೂಳು ಹಿಡಿದು ಕೂತಿತ್ತು. ಅಟೆಂಡರನ ಮೀಸೆಯೊಂದು ಮಾತ್ರ ಎರಡೂ ಕಡೆ ಒಂದೇ ಅಳತೆಗೆ ನೀಟಾಗಿತ್ತು. ಅವನ ಮೇಜಿನ ಖಾನೆ ತೆಗೆಸಿದರು. ಬಾಚಣಿಗೆ, ಪುಟ್ಟ ಕತ್ತರಿ, ಹಿಡಿಕೆ ಮುರಿದ ದುಂಡು ಕನ್ನಡಿ.

"ಇದು ಸೂಕ್ಷ್ಮ ವಸ್ತು ನೋಡೋಕೆ ಇರೋದು ಕಣಯ್ಯ" ಎಂದರು ಡಾಕ್ಟರು.

"ಮೀಸೆ ಕೂದ್ಲೂ ಸೂಕ್ಷ್ಮನೇ ಅಲ್ವಾ ಸಾರ್."

ಹೆಡ್‌ಮಾಸ್ಟರ ಪೆನ್ಸಿಲ್ ಗೆರೆ

ಹಿಡಿಕೆ ಮುರಿದ ಕನ್ನಡಿ ಮತ್ತೆ ತನ್ನ ಜಾಗದಲ್ಲಿ ಕೂರಲಿಲ್ಲ. ಹೀಗಾಗಿ ನಮ್ಮ ಸ್ಕೂಲಿನ ಮೈಕ್ರೋಸ್ಕೋಪೇ ಗತಿಯಾಯಿತು. ಕೆಂಚ ಆಸ್ಪತ್ರೆಯ ಗೇಟು ಕಂಡರೆ ನೆಲ ಹಿಡಿದು ಕೂರುತ್ತಿದ್ದ. ಅದಕ್ಕೆ ನಾನೇ ಬೆಳಿಗ್ಗೆ ಹಿತ್ತಲಿನಲ್ಲಿ ಅವನ ಕಿವಿಗೆ ಕಡ್ಡಿ ಆಡಿಸಿ, ಗಾಜಿನ ಮೇಲೆ ಉರುಳಿಸಿ, ಕಡ್ಡಿ ಗಾಜು ಎರಡನ್ನೂ ಕಾಗದದಲ್ಲಿ ಸುತ್ತಿ ತರುತ್ತಿದ್ದೆ. ಸಂಜೆ ಮಕ್ಕಳು ಹೋದ ಮೇಲೆ ಡಾಕ್ಟರು ವಿಜ್ಞಾನದ ಕೋಣೆಗೆ ಬರುತ್ತಿದ್ದರು. ಪಶ್ಚಿಮದ ಕಿಟಕಿಯ ಬೆಳಕಿನಲ್ಲಿ ನೋಡುತ್ತಿದ್ದೆವು.

ಕಾಣುತ್ತಿದ್ದುದು ಏನೂ ಇಲ್ಲ. ತೊಳೆದ ಕೂಡಲೇ ಬಣ್ಣವೆಲ್ಲ ಜಾರಿ ಹೋಗಿ ಗಾಜು ಬೋಳಾಗುತ್ತಿತ್ತು. ನಾನು ಉರುಳಿಸುವ ಬದಲು ಉಜ್ಜುತ್ತಿದ್ದೇನೆಂದು ಡಾಕ್ಟರಿಗೆ ಅನುಮಾನ. ಅವರ ಬಣ್ಣ ಹಳತಾಗಿದೆಯೆಂದು ನನಗೆ ಅನುಮಾನ. ಬಾಗಿಲು ಮುಂದೆ ಮಾಡಿಕೊಂಡು ಇಬ್ಬರು ದಿನಾ ಸಂಜೆ ಏನು ಮಾಡುತ್ತಾರೆಂದು ಹೆಡ್‌ಮಾಸ್ಟರಿಗೆ ಅನುಮಾನ. ಅವರ ಕಣ್ಣಿದ್ದುದು ಸ್ಪಿರಿಟ್ ಬಾಟಲಿಯ ಮೇಲೆ.

ಅವರು ಬಾಟಲಿಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದರು. ಮಾರನೆಯ ದಿನ ಬೆಳಿಗ್ಗೆ ಸ್ಪಿರಿಟ್ ಗೆರೆಗಿಂತ ಕೆಳಗಿತ್ತು. ಇನ್ನೊಂದು ಗೆರೆ ಎಳೆದರು, ಅದಕ್ಕಿಂತಲೂ ಕೆಳಗಿಳಿಯಿತು. ನಾವು ದೀಪವನ್ನೇ ಹಚ್ಚದ ದಿನವೂ ಇಳಿಯಿತು. ಕೊನೆಗೆ ನನ್ನನ್ನು ಕೋಣೆಗೆ ಕರೆಸಿಕೊಂಡು, ಏನೋ ಗುಟ್ಟು ಹೇಳುವವರಂತೆ ಹತ್ತಿರ ಬಂದು ಮೂಸಿದರು. ಅವರ ಮುಖ ಕಪ್ಪಿಟ್ಟಿತು.

"ನಿಮ್ಮನೇಲಿ ಬೆಳ್ಳುಳ್ಳಿ ತಿನ್ನಲ್ಲ ಅಲ್ವಾ ಮೇಷ್ಟ್ರೇ?"

ಇಲ್ಲ ಎಂದೆ.

"ಮತ್ತೆ ಮೈಯೆಲ್ಲ ಬೆಳ್ಳುಳ್ಳಿ ಘಾಟು ಯಾಕೆ? ಕುಡಿದೋರು ವಾಸನೆ ಮುಚ್ಚೋಕೆ ಅದನ್ನೇ ಅಗಿಯೋದು. ನನಗೆ ಗೊತ್ತಿಲ್ವಾ?"

ಬೆಳ್ಳುಳ್ಳಿಯ ವಾಸನೆ ನನಗೆ ಸರಿಯಾಗಿ ಪರಿಚಯವೂ ಇರಲಿಲ್ಲ. ಸ್ಪಿರಿಟಿನ ಗುಟ್ಟು ಮಾತ್ರ ಆ ವಾರವೇ ಬಯಲಾಯಿತು. ನಾವು ನೀರು ಬೆರೆಸಿಟ್ಟಿದ್ದೇವೆಯೇ ಎಂದು ಹೆಡ್‌ಮಾಸ್ಟರು ದಿನಕ್ಕೆ ನಾಲ್ಕಾರು ಸಲ ಬಾಟಲಿಯ ಬಿರಡೆ ತೆಗೆದು ಮೂಸುತ್ತಿದ್ದರು, ಮತ್ತೆ ಅದನ್ನು ಬಿಗಿಯಾಗಿ ಹಾಕುತ್ತಿರಲಿಲ್ಲ. ಅವರ ಅನುಮಾನ ಹೆಚ್ಚಿದಷ್ಟೂ ಸ್ಪಿರಿಟ್ ಆರಿಹೋಗುತ್ತಿತ್ತು.

ಹೆಡ್‌ಮಾಸ್ಟರು ನನ್ನನ್ನು ಮೂಸಿದ ದಿನವೇ ಸಂಜೆ ಮನೆಯೊಳಗೆ ಕಾಲಿಟ್ಟರೆ ಅತ್ತೆಯೂ ಮೂಗು ಮುಚ್ಚಿಕೊಂಡರು. "ಹೊರಗೆ ಹೋಟ್ಲಲ್ಲಿ ಏನಾದ್ರೂ ತಿನ್ನಿ, ನಾನು ಕೇಳಲ್ಲ. ಮನೆಯೆಲ್ಲ ಬೆಳ್ಳುಳ್ಳಿ ನಾರ್ತಿದೆ, ಬಾಯಾದ್ರೂ ತೊಳ್ಕೊಂಡು ಬನ್ನಿ" ಎಂದರು. ಇಬ್ಬರು ಹಿರಿಯರು ಒಂದೇ ದಿನ ಹೇಳಿದರೆ ನಂಬದೆ ಹೇಗಿರುವುದು? ಆ ವಾರವೆಲ್ಲ ನನ್ನ ಅಂಗೈಯನ್ನು ನಾನೇ ಮೂಸಿ ನೋಡಿಕೊಂಡೆ.

ನಿಟ್ಟೂರಿನ ಮತಗಟ್ಟೆ

ಬಣ್ಣ ಹಳತು ಎಂಬ ನನ್ನ ವಾದಕ್ಕೆ ಡಾಕ್ಟರು ಕೊನೆಗೆ ಒಪ್ಪಿದರು. ತುಮಕೂರಿಗೆ ಹೋಗಿ ಹೊಸ ಬಾಟಲಿ ತಂದೆ. ಬಸ್ಸಿನಲ್ಲಿ ಮುಚ್ಚಳ ಸಡಿಲವಾಗಿ ಬಣ್ಣ ಚೀಲಕ್ಕೆ ಸೋರಿತು, ಚೀಲದಿಂದ ನನ್ನ ಕೈಗೆ. ಮನೆಗೆ ಬಂದು ಸೋಪು, ಸೀಗೆಪುಡಿ, ಹುಣಸೆಹಣ್ಣು ಎಲ್ಲ ಹಾಕಿ ಉಜ್ಜಿದೆ. ಹತ್ತೂ ಬೆರಳು ನೇರಳೆಯಾಗಿಯೇ ಉಳಿದವು.

ಬೇರೆ ದಿನವಾಗಿದ್ದರೆ ಚಿಂತೆಯಿರಲಿಲ್ಲ. ಮರುದಿನ ಚುನಾವಣೆ. ನನಗೆ ನಿಟ್ಟೂರಿನ ಮತಗಟ್ಟೆಯಲ್ಲಿ ಡ್ಯೂಟಿ, ಅದೂ ಬಂದವರ ಬೆರಳಿಗೆ ಶಾಯಿ ಹಚ್ಚುವ ಡ್ಯೂಟಿ.

ಮೊದಲು ಬಂದ ಅಜ್ಜಿ ನನ್ನ ಕೈ ನೋಡಿ ತನ್ನ ಬೆರಳನ್ನು ಸೆರಗಿನೊಳಗೆ ಎಳೆದುಕೊಂಡಿತು. "ಇದ್ಯಾಕಪ್ಪ, ಹತ್ತು ವೋಟು ಹಾಕವ್ನೆ ಇವ್ನು" ಎಂದು ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿತು. ಎರಡೂ ಪಕ್ಷದ ಏಜೆಂಟರು ಎದ್ದು ಬಂದರು. ಊರಿನ ಕೆರೆಯಿಂದ ಹಿಡಿದು ಬೀದಿದೀಪದವರೆಗೆ ಯಾವುದರಲ್ಲೂ ಒಮ್ಮತ ಇಲ್ಲದವರು ಅವರಿಬ್ಬರು. ಇದು ನಾಯಿ ಕಿವಿಯ ಪರೀಕ್ಷೆಯ ಬಣ್ಣ ಎಂದು ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಸುಳ್ಳು ಹೇಳೋದಾದ್ರೆ ಇನ್ನೂ ಸ್ವಲ್ಪ ಚೆನ್ನಾಗಿರೋದು ಹೇಳ್ತಿದ್ರು, ನಿಜನೇ ಇರ್ಬೇಕು ಬುಡಿ" ಎಂದ ಒಬ್ಬ. ಇನ್ನೊಬ್ಬ ಹೌದೆಂದು ತಲೆಯಾಡಿಸಿದ. ಆ ಊರಿನಲ್ಲಿ ಅವರು ಒಂದಾದದ್ದು ಅದೊಂದೇ ಸಲವಂತೆ.

ಜಟಕಾ ಸಾಬರ ಪರೀಕ್ಷೆ

ಹೊಸ ಬಣ್ಣದಲ್ಲೂ ಗಾಜು ಬೋಳೇ. ಅಷ್ಟರಲ್ಲಿ ಕೆಂಚನ ಒಂದು ಕಡೆಯ ಕಿವಿ ಊದಿತ್ತು. ಹಿಂದಿನಿಂದ ಕರೆದರೆ ಒಮ್ಮೊಮ್ಮೆ ತಿರುಗುತ್ತಿರಲಿಲ್ಲ. ನನಗೆ ಭಯವಾಯಿತು. ನೋಡದೆಯೇ ಯಾವುದಾದರೂ ಔಷಧಿ ಕೊಡಿ ಎಂದು ಡಾಕ್ಟರನ್ನು ಕೇಳಿದೆ. ಅವರು ಒಪ್ಪಲಿಲ್ಲ.

ನಮ್ಮ ಹಿತ್ತಲ ಗೋಡೆಯ ಆಚೆ ಸ್ಟೇಷನ್ನಿಗೆ ಜಟಕಾ ಹೊಡೆಯುವ ಸಾಬರ ಮನೆ. ಅವರ ಹೆಂಡತಿಯನ್ನು ನನ್ನ ಹೆಂಡತಿ ಅವರ ಮಾತಿನಲ್ಲೇ ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದಳು. ಸಾಬರ ಕುದುರೆಗೂ ಕಿವಿ ಕೆರೆತ. ಆದರೆ ಅವರಿಗೆ ಡಾಕ್ಟರ ಮೇಲೆ ಅಪನಂಬಿಕೆ. ಎಲ್ಲ ಪ್ರಾಣಿಗೂ ಅದೇ ನೇರಳೆ ನೀರು ಹಾಕಿ ಬಾಯಿಗೆ ಬಂದದ್ದು ಹೇಳುತ್ತಾರೆಂದು. ಡಾಕ್ಟರನ್ನು ಪರೀಕ್ಷೆ ಮಾಡಲೆಂದೇ ಒಂದು ಸಂಜೆ ಕಡ್ಡಿ ಮತ್ತು ಗಾಜು ಹಿಡಿದು ಸ್ಕೂಲಿಗೆ ಬಂದರು. ಕುದುರೆಯ ಕಿವಿಯದು ಎಂದರು.

ಡಾಕ್ಟರು ಗಾಜಿಗೆ ಬಣ್ಣ ಹಾಕಿ ತೊಳೆದು ನೋಡಿದರು. ಎಲ್ಲ ಸ್ಪಷ್ಟವಾಗಿ ನೇರಳೆಯಾಗಿ ನಿಂತಿತ್ತು. ಅವರಿಗೇ ಆಶ್ಚರ್ಯವಾಗಿ ಕಡ್ಡಿಯನ್ನು ಮೂಗಿನ ಹತ್ತಿರ ಹಿಡಿದರು. ಆಮೇಲೆ ಸಾಬರ ಕಿವಿಯ ಕಡೆ ನೋಡಿದರು. ಅಲ್ಲಿ ಎಂದಿನಂತೆ ಅತ್ತರಿನ ಹತ್ತಿಯ ಉಂಡೆ ಸಿಕ್ಕಿಸಿತ್ತು.

"ಏನ್ ಸಾಬರೇ, ನಿಮ್ಮ ಕುದುರೆ ಅತ್ತರು ಹಾಕ್ಕೊಳ್ಳತ್ತಾ?"

ಸಾಬರು ಒಂದು ಕ್ಷಣವೂ ತಡವರಿಸಲಿಲ್ಲ. "ನಿನ್ನೆ ಮದುವೆ ಬಾಡಿಗೆಗೆ ಹೋಗಿತ್ತು ಸಾರ್."

ಗೋಡೆಯ ಆಚೆಯ ಕೈ

ಸಾಬರ ಕಿವಿಯಿಂದ ಒಂದು ಉಪಕಾರವಾಯಿತು. ಬಣ್ಣ ಸರಿಯಾಗಿದೆ, ಕೆಂಚನ ಕಿವಿಯಲ್ಲೇ ಏನೋ ಇದೆ ಎಂದು ಸಾಬೀತಾಯಿತು. ಡಾಕ್ಟರು ಕೂಡಲೇ ನನ್ನ ಕಡ್ಡಿಯನ್ನೂ ಮೂಸಿದರು. ಬೆರಳಿನಿಂದ ಹತ್ತಿಯನ್ನು ಒತ್ತಿ ನೋಡಿದರು.

"ಎಣ್ಣೆ. ಎಣ್ಣೆ ಇದ್ರೆ ಬಣ್ಣ ಹಿಡಿಯಲ್ಲ, ಜಾರತ್ತೆ. ಬೆಳ್ಳುಳ್ಳಿ ಬೇರೆ. ಅಲ್ಲ ಮೇಷ್ಟ್ರೇ, ನಾಯಿ ಕಿವಿಗೆ ಒಗ್ಗರಣೆ ಹಾಕೋರು ಯಾರು?"

ನಮ್ಮ ಮನೆಗೆ ಬೆಳ್ಳುಳ್ಳಿ ಬರುವುದೇ ಇಲ್ಲ ಎಂದೆ. ಹೆಡ್‌ಮಾಸ್ಟರು ನೋಡಿದ ಹಾಗೆಯೇ ಅವರೂ ನನ್ನನ್ನು ನೋಡಿದರು.

ಶನಿವಾರ ಅರ್ಧ ದಿನದ ಶಾಲೆ. ಅಂದು ಇನ್ನೂ ಸ್ವಲ್ಪ ಬೇಗ ಬಿಟ್ಟರು. ನಾನು ಮುಂಬಾಗಿಲಿಗೆ ಹೋಗದೆ ಪಕ್ಕದ ಸಂದಿಯಿಂದ ಹಿತ್ತಲಿಗೆ ಹೋದೆ. ಒಗೆಯುವ ಕಲ್ಲಿನ ಮೇಲೆ ಅತ್ತೆ ಕೂತಿದ್ದರು. ಕೆಂಚನ ತಲೆ ಅವರ ಮಡಿಲಲ್ಲಿತ್ತು. ಕೈಯಲ್ಲಿ ಒಗ್ಗರಣೆ ಸೌಟು. ಗೋಡೆಯ ಆಚೆಯಿಂದ ಒಂದು ಬಳೆಯ ಕೈ ಚಾಚಿಕೊಂಡು ಸುಲಿದ ಬೆಳ್ಳುಳ್ಳಿ ಎಸಳು ಕೊಡುತ್ತಿತ್ತು. ನನ್ನನ್ನು ಕಂಡು ಕೈ ಮಾಯವಾಯಿತು. ಅತ್ತೆ ಅಲುಗಲಿಲ್ಲ.

"ಏನಿಷ್ಟು ಬೇಗ ಬಂದ್ಬಿಟ್ರಿ?" ಎಂದು ಅವರೇ ನನ್ನನ್ನು ಕೇಳಿದರು.

ಎಣ್ಣೆ ಹಾಕಿದರೆ ಪರೀಕ್ಷೆ ಆಗುವುದಿಲ್ಲ, ಕಿವಿ ಹೋಗುತ್ತದೆ ಎಂದು ಹೇಳಿದೆ. ಅವರು ಸೌಟನ್ನು ಕೆಳಗಿಟ್ಟು ಕೆಂಚನ ಕಿವಿಯನ್ನೇ ಸವರುತ್ತಾ ಕೂತರು. ಆಮೇಲೆ ಮೆಲ್ಲಗೆ ಹೇಳಿದರು. "ಆಸ್ಪತ್ರೇಲಿ ನನ್ನ ಕೈ ಹಿಡ್ಕೊಂಡು ಅಂದ್ಲು. ಅಮ್ಮ, ಇವರಿಗೆ ಒಂದು ಕೆಲಸ ಹೇಳಿದ್ರೆ ಅದರ ಮೇಲೆ ಪಾಠ ಮಾಡ್ತಾರೆ, ಕೆಲಸ ಮಾಡಲ್ಲ. ಕೆಂಚನ ಕಿವಿ ನೀನೇ ನೋಡ್ಕೋ, ಅವರಿಗೆ ಹೇಳ್ಬೇಡ ಅಂತ."

ನಾನೂ ಆ ಕಲ್ಲಿನ ಇನ್ನೊಂದು ತುದಿಯಲ್ಲಿ ಕೂತೆ. "ನನಗೂ ಹೇಳಿದ್ಲು ಅತ್ತೆ. ಅಮ್ಮ ನಾಯಿ ಮುಟ್ಟಲ್ಲ, ನೀವೇ ನೋಡ್ಕೊಳ್ಳಿ, ಅಮ್ಮನಿಗೆ ಹೇಳ್ಬೇಡಿ ಅಂತ."

ಅತ್ತೆ ಸೌಟಿನಲ್ಲಿ ಉಳಿದಿದ್ದ ಎಣ್ಣೆಯನ್ನು ಕಲ್ಲಿನ ಬುಡಕ್ಕೆ ಸುರಿದರು.

ಎಣ್ಣೆ ನಿಲ್ಲಿಸಿದೆವು. ಮುಂದಿನ ವಾರದ ಗಾಜು ಬಣ್ಣ ಹಿಡಿಯಿತು. ಕಡಲೆಕಾಯಿಯ ಆಕಾರದ ನೇರಳೆ ಕಣಗಳು ರಾಶಿ ರಾಶಿ ಕಂಡವು. ಬೂಷ್ಟು ಎಂದರು ಡಾಕ್ಟರು, ಅದಕ್ಕೆ ತಕ್ಕ ಔಷಧಿ ಕೊಟ್ಟರು. ಬೆಳಿಗ್ಗೆಯ ಹನಿ ನಾನು ಹಾಕಿದೆ, ಸಂಜೆಯ ಹನಿ ಅತ್ತೆ. ನಾನು ಸರಿಯಾಗಿ ಹಾಕಿದೆನೇ ಎಂದು ಅವರು, ಅವರು ಮರೆತರೇ ಎಂದು ನಾನು, ಕಿವಿ ಎತ್ತಿ ಎತ್ತಿ ನೋಡಿದೆವು. ತಿಂಗಳು ಕಳೆಯುವುದರೊಳಗೆ ಊತ ಇಳಿಯಿತು, ಸೋರುವುದು ನಿಂತಿತು. ಒಂದು ಸಂಜೆ ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತು, ಅವಳು ಕರೆಯುತ್ತಿದ್ದ ಧಾಟಿಯಲ್ಲೇ, ಬಹಳ ಮೆತ್ತಗೆ, "ಕೆಂಚಾ" ಎಂದರು. ಅವನು ಓಡಿ ಬಂದು ಹೊಸಿಲು ದಾಟಿ ಒಳಗೇ ನುಗ್ಗಿದ. ಅತ್ತೆ ಅಂದು ಮತ್ತೆ ಸ್ನಾನ ಮಾಡಲಿಲ್ಲ.

ಗೋಡೆಯ ಮೇಲೆ ಸಾಬರ ಹೆಂಡತಿಯ ಮುಖ ಕಾಣಿಸಿತು. "ಪೂರ್ತಿ ವಾಸಿ ಆಯ್ತಾ ಮೇಷ್ಟ್ರೇ?" ಎಂದು ಕೇಳಿದರು. ಆಯಿತು ಎಂದೆ.

"ಹಾಗಾದ್ರೆ ಇನ್ನು ಹೇಳಬಹುದು. ವಾಸಿ ಆಗೋವರೆಗೂ ಬಾಯಿ ಬಿಡಬಾರದು ಅಂದಿದ್ರು ನಿಮ್ಮ ಮನೆಯೋರು. ಆಸ್ಪತ್ರೆಗೆ ನೋಡೋಕೆ ಹೋಗಿದ್ದಾಗ ನನ್ನ ಹತ್ರ ಕೇಳ್ಕೊಂಡ್ರು. ಆಪಾ, ಅವರಿಬ್ಬರ ಕೈಲೂ ಆಗಲ್ಲ, ನೀವೇ ಗೋಡೆ ಮೇಲಿಂದ ಒಂದು ಕಣ್ಣಿಟ್ಟಿರಿ. ಅವರಿಗೆ ಹೇಳ್ಬೇಡಿ ಅಂತ."

ಅತ್ತೆ ಸೆರಗು ಬಾಯಿಗೆ ಹಿಡಿದು ನಕ್ಕರು. ಅವಳು ಹೋದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ನಗುತ್ತಲೇ, "ನೋಡಿದ್ರಾ, ನನ್ನ ಮಗಳಿಗೆ ನಿಮ್ಮ ಮೇಲೆ ಎಷ್ಟು ನಂಬಿಕೆ ಇತ್ತು ಅಂತ" ಎಂದರು, ತಮ್ಮನ್ನು ಮಾತ್ರ ಆ ಲೆಕ್ಕದಿಂದ ಬಿಟ್ಟು.

ಆಮೇಲೆ ನಾವು ಮೂವರೂ ಒಟ್ಟಿಗೆ ಕೆಂಚನ ಕಡೆ ತಿರುಗಿದೆವು. ಬೆಳಿಗ್ಗೆ ನನ್ನ ಕಡ್ಡಿಗೆ ಕಿವಿ ಕೊಟ್ಟು, ಮಧ್ಯಾಹ್ನ ಅತ್ತೆಯ ಎಣ್ಣೆಗೂ ಕಿವಿ ಕೊಟ್ಟು, ಒಬ್ಬರ ಗುಟ್ಟು ಇನ್ನೊಬ್ಬರಿಗೆ ಬಿಡದೆ, ಅಷ್ಟು ದಿನದಲ್ಲಿ ಒಂದು ಸಲವೂ ಬೊಗಳಿರಲಿಲ್ಲ ಅವನು. ನಡುಮನೆಯಲ್ಲಿ ನಮಗೆ ಬೆನ್ನು ಹಾಕಿ ಮಲಗಿದ್ದ. ಅವನ ಕಿವಿಯಲ್ಲಿ ಅವಳು ನಮ್ಮ ಬಗ್ಗೆ ಏನು ಹೇಳಿ ಹೋಗಿದ್ದಳೋ, ಆ ಅನುಮಾನ ಮಾತ್ರ ನನಗೆ ಈಗಲೂ ಉಳಿದಿದೆ.