ಒಂದೂವರೆ ಗಂಟೆ ದೂರದ ಬೀಗರು

ನಮ್ಮ ತುಮಕೂರು ಸೀಮೇಲಿ "ಎಲ್ಲಿದೀಯಾ?" ಅಂತ ಫೋನ್ ಬಂದರೆ ಒಂದೂರು ಮುಂದಕ್ಕೆ ಹೇಳೋದು ರೂಢಿ. ಗುಬ್ಬಿಲಿ ಚಪ್ಪಲಿ ಹುಡುಕ್ತಿರೋನು "ತುಮಕೂರಿಗೆ ಬಂದೆ" ಅಂತಾನೆ. ಅಂತರಸನಹಳ್ಳೀಲಿ ಟೀ ಕುಡೀತಿರೋನು "ಹಿರೇಹಳ್ಳಿ ದಾಟಿದೆ" ಅಂತಾನೆ. ಕೇಳಿದೋನೂ ಒಂದೂರು ಹಿಂದಕ್ಕೆ ತಳ್ಳಿ ಲೆಕ್ಕ ಹಾಕ್ಕೋತಾನೆ. ಹಾಗಾಗಿ ಯಾರಿಗೂ ಮೋಸ ಇಲ್ಲ. ನಾನೊಬ್ಬ ಮಾತ್ರ ಸತ್ಯವಂತ. ನನ್ನ ಹೆಂಡತೀನ ಕೇಳಬೇಡಿ ಅಷ್ಟೆ. ದಿನಾ ನಡೆಯೋ ಈ ನಾಟಕ ಒಂದ್ಸಲ ನಮ್ಮ ಭಾವನ ಜೊತೆ ವಿಮಾನವನ್ನೂ ಹತ್ತಿತು.

ಪುಣೆ ಪಕ್ಕದೂರು

ಭಾವ ಅಂದರೆ ಕುಣಿಗಲ್‌ನಲ್ಲಿರೋ ನಮ್ಮಕ್ಕನ ಗಂಡ. ಅವರ ಮಗಳೂ ಪುಣೆಯ ಹುಡುಗನೂ ಒಬ್ಬರನ್ನೊಬ್ಬರು ಒಪ್ಪಿಯಾಗಿತ್ತು. ಹುಡುಗನ ಅಪ್ಪ ಮೂಲ ನಮ್ಮ ಸೀಮೆಯ ನಿಟ್ಟೂರಿನೋರೇ, ಆದರೆ ಊರು ಬಿಟ್ಟು ಒಂದು ತಲೆಮಾರಾಗಿತ್ತು. ಭಾವನ ಮುಖ ಮಾತ್ರ ಗಂಟು.

"ಮನೆ ನೋಡ್ಕಂಡು ಬಂದ್ಮೇಲೇ ಮಾತು. ನಮ್ಮೋರಾಗಿ ಉಳಿದಿಲ್ಲ ಅಂದ್ರೆ ಈ ಸಂಬಂಧ ಬುಡು" ಅಂದುಬಿಟ್ಟರು. ಹುಡುಗಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

"ಎಷ್ಟು ದೂರ್ಲಾ ಪುಣೆ?"

"ವಿಮಾನದಲ್ಲಿ ಒಂದೂವರೆ ಗಂಟೆ, ಭಾವ."

"ನಮ್ಮನೆಯಿಂದ ಏರ್‌ಪೋರ್ಟು?"

"ಟ್ರಾಫಿಕ್ ಸಿಕ್ಕರೆ ಮೂರು ಗಂಟೆ."

ಭಾವ ಯೋಚಿಸಿದರು. "ಹಂಗಾದ್ರೆ ಏರ್‌ಪೋರ್ಟ್‌ನೋರಿಗೆ ಪುಣೆ ಪಕ್ಕದೂರು. ನಾವೇ ಕಣ್ಲಾ ಪರದೇಶದೋರು!"

ಬಚ್ಚಲ ಬಾಗಿಲು

ಅಕ್ಕ, ಭಾವ, ನಾನು ಮೂವರೂ ಹೊರಡೋ ದಿನ ನಾನು ಕಾರು ತಗೊಂಡು ಕುಣಿಗಲ್‌ಗೆ ಹೋದೆ. ಬಾಗಿಲು ತೆಗೆದ ಅಕ್ಕ ಬಚ್ಚಲ ಕಡೆ ಕೈ ತೋರಿಸಿದಳು. ನಾನು ಸದ್ದಿಲ್ಲದೆ ಅಲ್ಲೇ ನಿಂತು ಭಾವನಿಗೆ ಫೋನ್ ಮಾಡಿದೆ.

"ಎಲ್ಲಿದೀರಾ ಭಾವ?"

"ರೆಡಿಯಾಗಿ ರೋಡಲ್ಲಿ ನಿಂತಿವ್ನಿ. ನೀನೇ ಲೇಟು!"

"ಹೌದಾ? ಹಾಗಾದ್ರೆ ನಿಮ್ಮ ಬಚ್ಚಲಲ್ಲಿ ನೀರು ಹುಯ್ಕೋತಿರೋದು ಯಾರು?"

ಒಳಗೆ ಚೊಂಬು ಬಿತ್ತು. ಅಷ್ಟು ಬೇಗ ಸ್ನಾನ ಮುಗಿಸಿದ್ದನ್ನ ಅಕ್ಕ ಮದುವೆಯಾದಾಗಿಂದ ನೋಡಿರಲಿಲ್ಲವಂತೆ.

ಹುಬ್ಬಳ್ಳಿ

ದಾರೀಲಿ ಭಾವ ತಿಂಡಿ ಕೇಳಿದರು. "ವಿಮಾನ ಹುಬ್ಬಳ್ಳೀಲಿ ತಿಂಡಿಗೆ ನಿಲ್ಲುತ್ತೆ ಬನ್ನಿ" ಅಂದೆ. ಟೈಮಿಲ್ಲದಾಗ ನನ್ನ ಬಾಯಲ್ಲಿ ಇಂಥ ಮಾತು ತಾನಾಗೇ ಬರುತ್ತೆ. ಮೇಲೆ ಹಾರಿದ ಮೇಲೆ ಭಾವ ಗಗನಸಖಿಯನ್ನ ಕರೆದರು. "ಹುಬ್ಬಳ್ಳಿ ಎಷ್ಟೊತ್ತಿಗಮ್ಮ?"

"ಇದು ಎಲ್ಲೂ ನಿಲ್ಲಲ್ಲ ಸರ್."

"ಕೋರಿಕೆ ನಿಲುಗಡೆನೂ ಇಲ್ವಾ?"

ನಾನು ಕಿಟಕಿ ಕಡೆ ತಿರುಗಿ ಮೋಡ ನೋಡ್ತಾ ಕೂತೆ.

ಗೇಟಿನ ಹತ್ರ

ನಡೆದ ಒಂದು ವಿಷಯ ಹೇಳೋದು ಬಿಟ್ಟೆ. ವಿಮಾನ ಬೆಂಗಳೂರಲ್ಲಿ ಇನ್ನೂ ನಿಂತಿದ್ದಾಗಲೇ ಹುಡುಗನ ಅಪ್ಪ ಫೋನ್ ಮಾಡಿ ಎಲ್ಲಿದೀರಾ ಅಂತ ಕೇಳಿದ್ದರು. ಭಾವ ಬೆಲ್ಟ್ ಬಿಗೀತಾ, "ಇನ್ನೇನು ಪುಣೆ ಇಳೀತಾ ಇದೀವಿ" ಅಂದಿದ್ದರು. ಆ ಕಡೆಯಿಂದ, "ಬನ್ನಿ ಬನ್ನಿ, ನಾನು ಗೇಟಿನ ಹತ್ರಾನೇ ಕಾಯ್ತಿದೀನಿ!"

"ಪಾಪ, ದೊಡ್ಡ ಮನುಷ್ಯರನ್ನ ಬಿಸಿಲಲ್ಲಿ ನಿಲ್ಲಿಸಿಬಿಟ್ರಿ. ಸಂಬಂಧ ಮುರಿದುಹೋದ್ರೆ?" ಅಂತ ಅಕ್ಕ ದಾರಿಯುದ್ದಕ್ಕೂ ಬೈದಳು. ಭಾವನ ಮುಖವೂ ಇಳಿದಿತ್ತು.

ಪುಣೇಲಿ ಇಳಿದು ಹೊರಗೆ ಬಂದೆವು. ಗೇಟಿನ ಹತ್ರ ಹುಡುಗನ ಅಪ್ಪನ ಸುಳಿವೇ ಇಲ್ಲ. ಭಾವ ಸ್ಪೀಕರ್ ಹಾಕಿ ಫೋನ್ ಮಾಡಿದರು.

"ಎಲ್ಲಿದೀರಾ ಸ್ವಾಮಿ?"

"ಇಲ್ಲೇ, ಗೇಟಿನ ಹತ್ರಾನೇ!"

ಹಿಂದಿನಿಂದ ಧಡಧಡ ನೀರು ಹುಯ್ಕೊಳ್ಳೋ ಸದ್ದು. ಯಾರೋ ಹೆಂಗಸು, "ರೀ, ಟವೆಲ್ ಇಲ್ಲೇ ಬಿಟ್ಟಿದೀರಾ!"

ಅಕ್ಕ ಭಾವನ ಮುಖ ನೋಡಿದಳು. ಭಾವ ಮೆಲ್ಲಗೆ ಫೋನ್ ಇಟ್ಟು, ಕಣ್ಣರಳಿಸಿ ನನ್ನ ಬೆನ್ನಿಗೊಂದು ಗುದ್ದಿದರು.

"ಮನೆ ನೋಡೋದೇನೂ ಬ್ಯಾಡ ಕಣ್ಲಾ. ನಮ್ಮೋರೇ! ಮಗಳಿಗೆ ಫೋನ್ ಮಾಡಿ ಹೇಳು, ಒಪ್ಕಂಡಾಯ್ತು ಅಂತ."