ಜೋಡಿ ನೋಡಿ ಕೊಂಡ ಪುಸ್ತಕಗಳು

ಪುಸ್ತಕ ಆರಿಸಲು ನನಗೆ ಯಾರ ಸಲಹೆಯೂ ಬೇಕಿರಲಿಲ್ಲ. ಬಿ.ಕಾಂ. ಮುಗಿಸಿದ್ದೆ. ದಿನವೂ ಡೈರಿ ಬರೆಯುತ್ತಿದ್ದೆ. ಹಸುವಿನ ಹಾಲು, ಕೋಳಿಯ ಮೊಟ್ಟೆ, ಅಮ್ಮನ ಬೈಗುಳ, ಎಲ್ಲಕ್ಕೂ ಅದರಲ್ಲಿ ತಾರೀಖು, ಮೊತ್ತ ಇರುತ್ತಿದ್ದವು. ಇಷ್ಟು ಶಿಸ್ತಿನ ಮನುಷ್ಯ ಒಂದು ಕಂಪ್ಯೂಟರ್ ಪುಸ್ತಕಕ್ಕೆ ಹೆದರುವುದುಂಟೆ?

ತೊಂಬತ್ತರ ದಶಕದ ಮಾತು. ಪಾಂಡವಪುರದಲ್ಲಿ ಲಾರಿ ಆಫೀಸು ಇಟ್ಟಿದ್ದ ರಹಮತ್ ಸಾಹೇಬರು ಕಂಪ್ಯೂಟರ್ ತರಿಸಿದ್ದರು. ಕೆ.ಆರ್. ಪೇಟೆಯ ಬೆಲ್ಲ ಯಾವ ಲಾರಿಯಲ್ಲಿ ಯಾರ ಮಂಡಿಗೆ ಹೋಯಿತೆಂದು ಕೇಳಿದರೆ ಅದು ಥಟ್ಟನೆ ಹೇಳಬೇಕು. ಅದಕ್ಕೆ ಡೇಟಾಬೇಸ್ ಎಂಬುದನ್ನು ಕಲಿತವರು ಬೇಕು.

"ಸಂಜೆ ಬಂದು ಮಿಷನ್ ಮೇಲೆ ಕೂತ್ಕೊಂಡ್ ಕಲಿ. ಯುಗಾದಿ ಆದ್ಮೇಲೆ ಮಾಡಿ ತೋರ್ಸು. ಬಂದ್ರೆ ಕೆಲ್ಸ ನಿಂದು, ಇಲ್ಲಾಂದ್ರೆ ಬೇರೆಯೋರ್ನ ನೋಡ್ತೀನಿ" ಎಂದಿದ್ದರು.

ಪುಸ್ತಕ ತರಲು ಮೈಸೂರಿಗೆ ಹೊರಟ ದಿನವೇ ಹೊಣಕೆರೆಯಿಂದ ನನ್ನ ಸೋದರಮಾವ ಬಂದಿಳಿದರು. ಅವರ ಸೀಮೆಯಲ್ಲಿ ಯಾರು ಎತ್ತು ಕೊಳ್ಳಬೇಕಾದರೂ ಮೊದಲು ಮಾವ ಹಲ್ಲು ಹಿಡಿದು ವಯಸ್ಸು ಹೇಳಬೇಕು.

"ನಾನೂ ಬತ್ತೀನಿ ನಡಿ. ವಸ್ತು ಯಾವುದಾದ್ರೇನ್ಲಾ, ನೋಡೋ ಕಣ್ಣು ಒಂದೇಯ."

ಅಂಗಡಿಯಲ್ಲಿ ಮಾವ ಡೇಟಾಬೇಸ್ ಪುಸ್ತಕಗಳ ಸಾಲಿನಿಂದ ಒಂದು ಕೆಂಪು ಪುಸ್ತಕ ಎತ್ತಿಕೊಂಡು ಬೆನ್ನು ಸವರಿದರು, ಹೊಲಿಗೆ ಜಗ್ಗಿದರು. ಬೆನ್ನಿನ ಮೇಲೆ ದೊಡ್ಡದಾಗಿ 2 ಎಂದಿತ್ತು.

"ಎಲ್ಡಲ್ಲು. ಒಳ್ಳೆ ಪ್ರಾಯ."

ನಾನು ಅದನ್ನು ಹೊಸ ಆವೃತ್ತಿ ಎಂದುಕೊಂಡು ಗಂಭೀರವಾಗಿ ತಲೆಯಾಡಿಸಿದೆ. ಪಕ್ಕದಲ್ಲೇ 1 ಎಂದಿದ್ದ ಪುಸ್ತಕವೂ ಇತ್ತು. ಪಾಪ, ಹಳೆಯದು ಎಂದು ಕರುಣೆಯಿಂದ ನೋಡಿದೆ.

"ಅಂಗಡಿಯೋರ್ನ ಒಂದ್ ಮಾತು ಕೇಳೋಣ ಮಾವ."

"ಸುಮ್ಕಿರ್ಲಾ. ಮಾರೋನು ಯಾವತ್ತಾರ ತನ್ನೆತ್ತು ಹಾಯ್ತದೆ ಅಂದಾನಾ? ಇನ್ನೊಂದು ಉಡುಕು. ಒಂಟಿ ಕಟ್ಕೊಂಡು ಏನ್ ಉಳ್ತೀಯೆ?"

ಹುಡುಕಿದೆವು. ಬೇರೆಯವರು ಬರೆದದ್ದು, ಆದರೆ ಅದೇ ಕೆಂಪು, ಅದೇ ಎತ್ತರ, ಅದೇ ದಪ್ಪ, ಬೆನ್ನ ಮೇಲೆ ಅದೇ 2. ಮಾವ ಎರಡನ್ನೂ ಪಕ್ಕಪಕ್ಕ ನಿಲ್ಲಿಸಿ, ಹಿಂದೆ ಸರಿದು ಕಣ್ಣು ಕಿರಿದು ಮಾಡಿದರು. "ಅಣ್ತಮ್ದಿರಂಗವೆ."

ನಾನೇನೂ ಸುಮ್ಮನಿರಲಿಲ್ಲ. ಬೆಲೆಯನ್ನು ಪುಟಗಳಿಂದ ಭಾಗಿಸಿ, ಪುಟವೊಂದಕ್ಕೆ ಬಿದ್ದದ್ದು ಬಹಳ ಅಗ್ಗವೆಂದು ಡೈರಿಯಲ್ಲಿ ಗುರುತು ಹಾಕಿಕೊಂಡೆ.

ಬಾಬುರಾಯನಕೊಪ್ಪಲಿನ ನಮ್ಮ ಮನೆಗೆ ಬಂದು ಮೊದಲನೆಯದನ್ನು ತೆರೆದೆ. 'ಒಂದನೇ ಭಾಗದಲ್ಲಿ ನೀವು ತಯಾರಿಸಿದ ಪಟ್ಟಿಯನ್ನು ಈಗ ತೆರೆಯಿರಿ' ಎಂದು ಇಂಗ್ಲಿಷಿನಲ್ಲಿ ಆಜ್ಞೆಯಾಯಿತು. ಗಾಬರಿಯಿಂದ ಇನ್ನೊಂದನ್ನು ತೆರೆದೆ. ಒಂದನೇ ಭಾಗ ಓದದವರು ದಯವಿಟ್ಟು ಮುಂದುವರಿಯಬಾರದು ಎಂದು ಅದು ಇನ್ನೂ ಮರ್ಯಾದೆಯಿಂದ ಹೇಳಿತು.

ವಿಷಯ ಕೇಳಿ ಮಾವ ಎರಡನ್ನೂ ಮತ್ತೊಮ್ಮೆ ಪಕ್ಕಪಕ್ಕ ನಿಲ್ಲಿಸಿದರು. ನೊಗದ ಬಲಕ್ಕೆ ಪಳಗಿದ ಎತ್ತು ಎಡಕ್ಕೆ ಕಟ್ಟಿದರೆ ನಡೆಯುವುದಿಲ್ಲ. "ಅಂಗಾರೆ ಎಲ್ಡೂ ಬಲಗೋಲಿನವು" ಎಂದರು.

"ವಾಪಸ್ ಕೊಟ್ಟು ಬರ್ತೀನಿ."

"ನಾನು ನೋಡಿ ತಂದ ಜೋಡಿ ವಾಪಸ್ ಹೊಡ್ಕೊಂಡೋದ್ರೆ ನನ್ ಮುಖ ಎಲ್ಲಿಕ್ಕೊಳ್ಳನ್ಲಾ?"

ಮಾವನ ಮುಖ ಉಳಿಯಿತು. ಒಂದನೇ ಭಾಗ ಕೊಳ್ಳಲು ನನ್ನ ಕೈಯಲ್ಲಿ ಕಾಸು ಉಳಿದಿರಲಿಲ್ಲ. ನಾನು ಸಂಜೆಸಂಜೆ ಪಾಂಡವಪುರಕ್ಕೆ ಹೋಗಿ, ಎರಡು ಪುಸ್ತಕಗಳಲ್ಲೂ ಹುಡುಕಿ, ಅರ್ಥವಾದ ಒಂದೇ ಪಾಠವನ್ನು ಉರು ಹೊಡೆದೆ. ಪಟ್ಟಿಗೆ ಗುಟ್ಟಿನ ಪದದಿಂದ ಬೀಗ ಹಾಕುವುದು ಹೇಗೆ ಎಂಬ ಪಾಠ ಅದು.

ಯುಗಾದಿ ಕಳೆಯಿತು. ಸಾಹೇಬರ ಮುಂದೆ ಕೂತು ಬೀಗ ಹಾಕಿದೆ. ಪರದೆ ಗುಟ್ಟಿನ ಪದ ಕೇಳಿತು. ಸಾಹೇಬರು ಏನೇನೋ ಒತ್ತಿ ನೋಡಿದರು. ತೆರೆಯಲಿಲ್ಲ.

"ವಾಹ್, ಪಕ್ಕಾ ಬೀಗ. ಈಗ ತೆಗಿ." ತೆಗೆದೆ. "ಒಳಗೇನೈತೆ?"

"ಏನೂ ಇಲ್ಲ ಸಾಹೇಬ್ರೆ. ಒಳಗೆ ತುಂಬೋದು ಒಂದನೇ ಭಾಗದಲ್ಲಿದೆ."

"ಅರೆ ಭಾಯ್, ಖಾಲಿ ಗೋಡೌನಿಗೆ ಬೀಗ ಹಾಕಿ ಕಾವಲು ಕೂತಿದೀಯಲ್ಲ!" ನಕ್ಕೂ ನಕ್ಕೂ ಅವರ ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡು, ಮೇಜಿನ ಖಾನೆಯಿಂದ ಒಂದು ತೆಳ್ಳನೆಯ ಪುಸ್ತಕ ತೆಗೆದರು. "ಇದು ಮಿಷನ್ ಜೊತೆ ಪುಕ್ಕಟೆ ಬಂದಿದ್ದು. ನೀನು ಕೇಳ್ಲೇ ಇಲ್ಲ. ಇನ್ನೊಂದ್ ತಿಂಗ್ಳು ಕೊಡ್ತೀನಿ, ಓದು."

ಜೊತೆಗೆ ಬಂದಿದ್ದ ಮಾವ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, "ಇನ್ನೂ ಹಾಲಲ್ಲು. ಕರ" ಎಂದು ಕೆಳಗಿಟ್ಟರು.

ಆ ಕರುವೇ ನನಗೆ ಕೆಲಸ ಕೊಡಿಸಿತು. ಕೆಂಪು ಜೋಡಿಯೂ ದಂಡವಾಗಲಿಲ್ಲ. ಪರದೆ ತಗ್ಗಾಗಿ ನನ್ನ ಕುತ್ತಿಗೆ ನೋಯುತ್ತಿತ್ತು. ಎರಡನ್ನೂ ಅದರ ಅಡಿಗೆ ಪಕ್ಕಪಕ್ಕ ಇಟ್ಟೆ. ದಪ್ಪದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ್ದರಿಂದ ಪರದೆ ಅಲುಗಾಡದೆ ಕೂತಿತು. ಮುಂದಿನ ಸಲ ಬಂದ ಮಾವ ಬಗ್ಗಿ ನೋಡಿ, ಸಾಹೇಬರಿಗೂ ಕೇಳುವಂತೆ ಹೇಳಿದರು:

"ಜೋಡಿ ನೋಡಿ ತಂದ್ರೆ ಭಾರ ಎಂಗೆ ಹೊತ್ತವೆ ನೋಡ್ಲಾ. ನೀನೊಬ್ನೇ ಹೋಗಿದ್ರೆ ಇಂಥವು ಸಿಕ್ತಿದ್ವಾ?"