ಕಾಫಿ ಬಣ್ಣದ ಆರು ಕುರ್ಚಿ

ಆ ಮನೆಗೆ ಹೋಗಿಬಂದ ನೆರೆಹೊರೆಯವರು ಹೇಳುತ್ತಿದ್ದುದು ಒಂದೇ ಮಾತು: ಅಲ್ಲಿ ಗಂಡ ಯಾರು, ಹೆಂಡತಿ ಯಾರು ಅಂತ ತಿಳಿಯುತ್ತೆ, ಬಾಗಿಲು ಯಾವುದು, ಕಪಾಟು ಯಾವುದು ಅಂತ ಮಾತ್ರ ತಿಳಿಯಲ್ಲ. ಹೊರಡಲು ಎದ್ದ ನೆಂಟರು ಬಾಗಿಲೆಂದುಕೊಂಡು ಹಾಸಿಗೆ ಕಪಾಟಿನೊಳಗೆ ಕಾಲಿಟ್ಟದ್ದೂ ಉಂಟು.

ಇದೆಲ್ಲ ಯಜಮಾನರ ಕೃಪೆ. ಹೆಂಡತಿಗೆ ಹಳದಿ ಹಲಸಿನ ಮೇಜಿನ ಪಕ್ಕ ಕಪ್ಪು ಬೀಟೆಯ ಕುರ್ಚಿ, ಹೊಳೆಯುವ ತೇಗದ ಕಪಾಟಿನೆದುರು ಮೆರುಗಿಲ್ಲದ ಒರಟು ಬೆಂಚು, ಹೀಗೆ ಒಂದರ ಮಗ್ಗುಲಲ್ಲಿ ಇನ್ನೊಂದು ಬಗೆಯದಿದ್ದರೆ ಕಣ್ಣಿಗೆ ತಂಪು. ಯಜಮಾನರಿಗೆ ಅದು ಸಂತೆ. ಗೃಹವೆಂದ ಮೇಲೆ ವರ್ಣೈಕ್ಯ ಬೇಕು ಎಂದು ಘೋಷಿಸಿ, ಅವಳು ತಂಗಿಯ ಮನೆಗೆ ಹೋದ ಸಮಯ ನೋಡಿ, ಡಬ್ಬಗಟ್ಟಲೆ ಕಾಫಿ ಬಣ್ಣ ತಂದು ಕೈಗೆ ಸಿಕ್ಕಿದ್ದಕ್ಕೆಲ್ಲ ಬಳಿದರು. (ಬೆಕ್ಕು ಬಾಲ ಎತ್ತಿಕೊಂಡು ಓಡಿದ್ದರಿಂದ ಬಚಾವಾಯಿತು.) ತಮ್ಮ ಅಪ್ಪ ಕೈಯಾರೆ ಮಾಡಿದ್ದ ಬೀಟೆಯ ಕುರ್ಚಿ, ಅದರ ಅಳತೆಗೇ ಆಮೇಲೆ ಮಾಡಿಸಿದ ಐದು ಮಾವಿನ ಕುರ್ಚಿ, ಆರೂ ಒಂದೇ ತಾಯಿಯ ಮಕ್ಕಳಾದವು.

ವರ್ಷಗಳು ಉರುಳಿದವು. ಮೆಟ್ಟಿಲು ಹತ್ತಲಾಗದೆ ಚಿಕ್ಕ ಮನೆಗೆ ಹೋಗುವುದೆಂದಾಗಿ, ಹಳೆಯದನ್ನು ಸಾಮಾನು ಸಮೇತ ಮಾರಿದರು. ಅಪ್ಪನ ಕುರ್ಚಿಯೊಂದನ್ನು ಮಾತ್ರ ಬಿಟ್ಟಿರಲಾರೆ ಎಂದರು ಯಜಮಾನರು. ಅದರಲ್ಲಿ ಕೂತರೆ ಅಪ್ಪನ ತೊಡೆಯ ಮೇಲೆ ಕೂತಂತೆ ಅವರಿಗೆ. ಆದರೆ ಆರರಲ್ಲಿ ಅದು ಯಾವುದು? ಕಣ್ಣು ಮುಚ್ಚಿಕೊಂಡು ಒಂದೊಂದರಲ್ಲೂ ಕೂತರು.

“ಕೂತು ನೋಡಿದ್ರೆ ಏನು ಗೊತ್ತಾಗುತ್ತೆ? ಎತ್ತಿ ನೋಡಿ. ಬೀಟೆ ಭಾರ ಇರುತ್ತೆ,” ಎಂದಳು ಹೆಂಡತಿ. ಕಸ ಗುಡಿಸುವಾಗ ದಿನವೂ ಕುರ್ಚಿ ಸರಿಸುವವಳು ಅವಳೇ.

“ನಮ್ಮಪ್ಪನ ಕುರ್ಚಿ ನನಗೆ ಗೊತ್ತಾಗಲ್ವೇನೇ? ಸುಮ್ನಿರು.”

ಸುಮ್ಮನಿರು ಎಂದಾಗ ನಿಜವಾಗಿಯೂ ಸುಮ್ಮನಾಗುವುದೇ ಅವಳ ಬ್ರಹ್ಮಾಸ್ತ್ರ.

ಚಿಕ್ಕ ಮನೆಯಲ್ಲಿ ಯಜಮಾನರು ತಾವು ಆರಿಸಿ ತಂದ ಕುರ್ಚಿಯ ಬಣ್ಣ ತೆಗೆಯಲು ಉಪ್ಪುಕಾಗದ ಹಿಡಿದು ಕೂತರು. ಉಜ್ಜಿದರು, ಕಪ್ಪು ಕಾಣಲಿಲ್ಲ. ಇನ್ನೂ ಒಳಗಿರಬೇಕು ಎಂದು ಮತ್ತೆ ಉಜ್ಜಿದರು. ಕುರ್ಚಿಗೆ ಕೊಕ್ಕರೆಯ ಕಾಲು ಬಂತು, ಬೀಟೆ ಬರಲಿಲ್ಲ. ಅಪ್ಪನನ್ನು ಯಾರದೋ ಮನೆಯಲ್ಲಿ ಬಿಟ್ಟುಬಂದೆನಲ್ಲ ಎಂದು ಅವರಿಗೆ ಅನ್ನ ಸೇರದಾಯಿತು.

ಕೊನೆಗೆ ಹೆಂಡತಿಯೇ ಅವರನ್ನು ಹೊರಡಿಸಿಕೊಂಡು ಹಳೆಯ ಮನೆಗೆ ಹೋದಳು. ಅಲ್ಲಿ ಹೊಸ ಮನೆಯೊಡತಿ ಬಣ್ಣವನ್ನೆಲ್ಲ ಕೆರೆಸಿಹಾಕಿದ್ದಳು. ಹಲಸಿನ ಹಳದಿ, ತೇಗದ ಹೊಂಬಣ್ಣ, ಅವುಗಳ ನಡುವೆ ಕಪ್ಪಗೆ ಮಿರುಗುವ ಅಪ್ಪನ ಕುರ್ಚಿ. ಸಂತೆ ಎಂದು ಜರೆದದ್ದು ಇಷ್ಟು ಚೆಂದವಿತ್ತೇ ಎಂದು ಯಜಮಾನರು ನಿಂತೇಬಿಟ್ಟರು. ವಿಷಯ ಕೇಳಿದ ಕೂಡಲೇ ಆಕೆ ಕುರ್ಚಿ ಕೊಡಲು ಒಪ್ಪಿದಳು. ಬದಲಿಗೆ ಕೊಕ್ಕರೆ ಕುರ್ಚಿಯನ್ನು ತೆಗೆದುಕೊಳ್ಳಲು ಮಾತ್ರ ಒಪ್ಪಲಿಲ್ಲ.

“ಅಲ್ಲ ಸಾರ್, ಇಂಥ ಮರಕ್ಕೆ ಬಣ್ಣ ಬಳಿದ ಪುಣ್ಯಾತ್ಮ ಯಾರು?”

ಯಜಮಾನರು ಗಂಟಲು ಸರಿಮಾಡಿಕೊಂಡರು. “ಯಾರೋ ಒಬ್ಬ ಪೇಂಟರು ಬಂದಿದ್ದ. ಹಾಗೆ ಮಾಡ್ಬಿಟ್ಟ.”

“ಹೌದಮ್ಮ,” ಎಂದಳು ಹೆಂಡತಿ, ಶಾಂತವಾಗಿ. “ಕೂಲಿ ಕೇಳಲ್ಲ, ಎರಡು ಹೊತ್ತು ಊಟ ಹಾಕಿದ್ರೆ ಸಾಕು. ಇನ್ನೂ ನಮ್ಮನೇಲೇ ಇದಾನೆ.”

ಮನೆಯೊಡತಿ ಒಮ್ಮೆ ಅವಳನ್ನು, ಒಮ್ಮೆ ಅವರನ್ನು ನೋಡಿದಳು. ಯಜಮಾನರು ಕುರ್ಚಿಯನ್ನು ತಲೆಯ ಮೇಲೆ ಮಗುಚಿಕೊಂಡು, ತಮ್ಮ ಮುಖ ಮರೆಮಾಡಿದ ಅಪ್ಪನಿಗೆ ಮನಸ್ಸಿನಲ್ಲೇ ಕೈಮುಗಿದು, ಆ ಮನೆಯ ಹೊಸ್ತಿಲನ್ನು ಕಡೆಯ ಬಾರಿಗೆ ದಾಟಿದರು.

“ಸಾರ್, ಆ ಪೇಂಟರನ್ನ ಮಾತ್ರ ಈ ಕಡೆ ಕಳಿಸ್ಬೇಡಿ,” ಎಂದಳು ಆಕೆ ಹಿಂದಿನಿಂದ.

“ಇಲ್ಲಮ್ಮ, ಅವನು ಕೆಲಸ ಬಿಟ್ಟ,” ಎಂದು ಕುರ್ಚಿಯೊಳಗಿಂದ ಉತ್ತರ ಬಂತು.